ಕೂಗಬಾರದ ಕೊಳ

೭ ಜುಲೈ, ಬೆಳಿಗ್ಗೆ

ಕೆಸುವಿನ ಎಲೆ ಕೊಯ್ದು ಕೊಳಕ್ಕೆ ಹಾಕಿದ್ದಾಯಿತು. ಹೆಣ್ಣು ಗುರಾಮಿ ಮೀನು ಬಂದು ತಿಂದಳು. ಗಂಡು ಬರಲಿಲ್ಲ. ತೂಬಿನ ಕಲ್ಲಿನ ಮೇಲೆ ಅದೇ ಬೂದು ಕೊಕ್ಕರೆ. ಒಂಟಿಕಾಲಲ್ಲಿ.

ಗರ್ಜಿಸಿದೆ. "ಎಲೈ ಬಕಾಧಮನೇ! ಯಾರ ಕೋಟೆಯೆಂದು ತಿಳಿದು ಕಾಲಿಟ್ಟೆ?"

ಗಾರುತ್ ಊರಿನ ನಮ್ಮ ನಾಟಕದ ಡೇರೆಯಲ್ಲಿ ಈ ಒಂದು ಮಾತಿಗೆ ಹಿಂದಿನ ಬೆಂಚಿನ ಹೆಂಗಸರು ಮಕ್ಕಳ ಕಣ್ಣು ಮುಚ್ಚುತ್ತಿದ್ದರು. ಕೊಕ್ಕರೆ ಇನ್ನೊಂದು ಕಾಲನ್ನು ಕೆಳಗಿಟ್ಟಿತು. ಅಷ್ಟೇ.

ಅಡುಗೆಮನೆಯಿಂದ ರುಮ್ಸಿ: "ಅದು ಟಿಕೆಟ್ ತಗೊಂಡಿಲ್ಲ ಅಬಾಹ್. ಪುಕ್ಕಟೆ ನೋಡೋರು ಅಷ್ಟು ಬೇಗ ಎದ್ದು ಹೋಗಲ್ಲ."

ಹೆಂಡತಿ ಅಂದರೆ ಹೀಗಿರಬೇಕು. ಅವಳಿಗೆ ನಾನು ಅಬಾಹ್, ಅಂದರೆ ಅಪ್ಪ; ನನಗೆ ಅವಳು ಅಂಬು, ಅಂದರೆ ಅಮ್ಮ.

ಹೋದ ವರ್ಷದ ಮರಿಗಳನ್ನು ತಿಂದು ಮುಗಿಸಿದ್ದು ಇದೇ ಮಹಾಶಯ. ಅದರ ಹಿಂದಿನ ವರ್ಷ ಮೊಟ್ಟೆಗಳನ್ನು ಬೇಸಿನ್ನಿಗೆ ತೆಗೆದಿಟ್ಟಿದ್ದೆವು. ಬೂಸಲು ಹಿಡಿದು ಹೋದವು. ನಿನ್ನೆ ಸಂಜೆ ಅಳಿಯ ಡೆಡೆನ್ ಟೇಪು ಹಿಡಿದು ಕೊಳದ ಸುತ್ತ ಓಡಾಡಿದ. ಮುಚ್ಚಿದರೆ ಅವನ ಬೈಕ್ ರಿಪೇರಿ ಶೆಡ್ಡಿಗೆ ಸರಿಯಾದ ಜಾಗವಂತೆ. ಈ ಸಲವೂ ಮರಿ ಉಳಿಯದಿದ್ದರೆ ಮುಚ್ಚಿಕೋ ಅಂದುಬಿಟ್ಟಳು ರುಮ್ಸಿ. ಕೊಳ ಅವಳದು, ಅವಳ ತಾಯಿ ಕೊಟ್ಟದ್ದು. ನಾನು ಕಾವಲಿನವನು. ನಾಟಕ ಕಂಪನಿ ಮುಚ್ಚಿದ ಮೇಲೆ ಉಳಿದದ್ದು ಇದೊಂದೇ ಕೆಲಸ.

೯ ಜುಲೈ

ಗಂಡಿನ ಬಾಯಲ್ಲಿ ನಾರು!

ಬಿದಿರಿನ ಕುಕ್ಕೆಯನ್ನು ನೀರೊಳಗೆ ಕಟ್ಟಿ, ಪಕ್ಕದಲ್ಲಿ ಕರಿ ನಾರು ಹರಡಿಟ್ಟು ಬಹಳ ದಿನವಾಗಿತ್ತು. ಇವತ್ತು ಎಳೆ ಎಳೆಯಾಗಿ ಕಚ್ಚಿ ಒಯ್ದು ಕುಕ್ಕೆಯೊಳಗೆ ಗೂಡು ಹೆಣೆಯುತ್ತಿದ್ದಾನೆ. ಆನಂದಕ್ಕೆ ಒಂದು ಪದ್ಯ ಎತ್ತಿದೆ. ರುಮ್ಸಿ ಸೌಟು ಹಿಡಿದೇ ಓಡಿಬಂದಳು.

"ಮುಚ್ಚಿ ಬಾಯಿ! ಇವತ್ತಿಂದ ಕೊಳದ ಹತ್ರ ತುಟಿ ಬಿಚ್ಚಬೇಡಿ. ಗುರಾಮಿ ಗೂಡು ಕಟ್ಟುವಾಗ ನಮ್ಮಮ್ಮ ಭತ್ತ ಕೂಡ ಕುಟ್ಟಿಸ್ತಿರಲಿಲ್ಲ. ಸದ್ದು ಕೇಳಿದ್ರೆ ಗಂಡು ಗೂಡು ಬಿಟ್ಟು ಹೋಗುತ್ತೆ."

"ಕೊಕ್ಕರೆ ಬಂದರೆ ಏನು ಮಾಡಲಿ ಅಂಬು?"

"ಕೈ ಇಲ್ವಾ?"

ಇದೆ. ಆದರೆ ಕಂಪನಿಯವರು ನನಗೆ ಕೊಟ್ಟ ಪಾತ್ರಗಳೆಲ್ಲ ಗಂಟಲಿಗೆ ಕೊಟ್ಟದ್ದು. ಕೈ ಬರೀ ಗದೆ ಹಿಡಿಯಲಿಕ್ಕೆ.

ಈ ಜೋಡಿಯನ್ನು ಕೊಕ್ಕರೆ ನುಂಗಲಾರದು, ತೊಡೆಯಷ್ಟು ದಪ್ಪ ಇವೆ. ಗೂಡಿನ ಪಕ್ಕ ಕಾಲಿಟ್ಟರೆ ಸಾಕು. ಗಂಡು ಹೆದರಿ ದೂರಾಗುತ್ತಾನೆ, ಸಣ್ಣ ಮೀನುಗಳು ನುಗ್ಗಿ ಮೊಟ್ಟೆ ಮುಕ್ಕುತ್ತವೆ.

೧೧ ಜುಲೈ

ಕೊಳದ ಮೇಲೆ ನೈಲಾನ್ ಬಲೆ ಕಟ್ಟಿದೆ. ಬಿದ್ದದ್ದು ಪಕ್ಕದ ಮನೆ ಹಾಜಿ ಉಂಡಾಂಗ್‌ನ ಬಾತು. ಅದರ ಅರಚಾಟ ಕೇಳಿದರೆ ನಮ್ಮ ಕಂಪನಿಯ ಹಾರ್ಮೋನಿಯಂ ನೆನಪಾಗುತ್ತಿತ್ತು. ಗಂಡು ಗುರಾಮಿ ಕೆಸರಿಗಿಳಿದವನು ಮಧ್ಯಾಹ್ನದವರೆಗೆ ಮೇಲೆ ಬರಲಿಲ್ಲ.

ನನ್ನನ್ನು ಕಾಂಗ್, ಅಂದರೆ ಅಣ್ಣ, ಅನ್ನುವ ಹಾಜಿ ಬಾತನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ. "ಕಾಂಗ್ ಅರ್ಸಾದ್, ನನ್ನ ಬಾತು ನಿಮಗೇನು ಅನ್ಯಾಯ ಮಾಡಿತ್ತು?"

"ಬೇಲಿ ಹಾರಿತ್ತು."

"ನಿಮ್ಮ ಗಂಟಲು ದಿನಾ ನನ್ನ ಬೇಲಿ ಹಾರುತ್ತೆ. ನಾನು ಬಲೆ ಹಾಕಿದ್ನಾ?"

ಬಲೆ ಬಿಚ್ಚಿದೆ.

೧೩ ಜುಲೈ

ಕೊಕ್ಕರೆ ನಿಂತಲ್ಲಿಗೆ ಇನ್ನೊಂದು ಕೊಕ್ಕರೆ ಬರುವುದಿಲ್ಲ, ಜಾಗದ ಅಭಿಮಾನ ಜಾಸ್ತಿ ಅಂತ ಡೆಡೆನ್ ಮೊಬೈಲಿನಲ್ಲಿ ನೋಡಿ ಹೇಳಿದ. ಕಂಪನಿಯ ಹಳೇ ಪೆಟ್ಟಿಗೆಯಲ್ಲಿ ಒಂದು ಹಕ್ಕಿ ಇದೆ. ರಾಜಕುಮಾರಿ ಶಾಪ ಹೊತ್ತು ಹಕ್ಕಿಯಾಗುವ ದೃಶ್ಯಕ್ಕೆ ಮಾಡಿಸಿದ್ದು, ಬೂರುಗದ ಮರದ ಮೈ, ಬಿಳಿ ಬಟ್ಟೆಯ ರೆಕ್ಕೆ. ತಂದು ತೂಬಿನ ಕಲ್ಲಿನ ಮೇಲೆ ನಿಲ್ಲಿಸಿದೆ.

ಸಂಜೆಗೆ ಗದ್ದೆಯ ಬೆಳ್ಳಕ್ಕಿಗಳು ಹಿಂಡು ಹಿಂಡಾಗಿ ಬಂದಿಳಿದವು. ಬಿಳಿ ಬಣ್ಣ ಕಂಡು, ಇಲ್ಲೇನೋ ಊಟ ಹಾಕುತ್ತಿದ್ದಾರೆ ಅಂದುಕೊಂಡವು. ಬೂದು ಕೊಕ್ಕರೆಯೂ ನಡುವೆ ನಿಂತಿತ್ತು.

ರುಮ್ಸಿ ಬಾಗಿಲಿಗೆ ಒರಗಿ ಪಿಸುಗುಟ್ಟಿದಳು: "ನಿಮ್ಮ ಕಂಪನಿಯ ಆಟ ನಿಜ ಅಂತ ನಂಬಿದ ಪ್ರೇಕ್ಷಕರು ಇವೇ ಮೊದಲು."

೧೬ ಜುಲೈ

ಬೆದರುಬೊಂಬೆ. ರಾಕ್ಷಸರಾಜನ ಪೂರ್ತಿ ವೇಷ ಹೊದಿಸಿದೆ. ಕಿರೀಟ, ಕೋರೆಹಲ್ಲು, ಕೆಂಪು ಜರಿಯ ಅಂಗಿ. ಹಕ್ಕಿಯ ಸುಳಿವಿಲ್ಲ. ಜಯ!

೧೯ ಜುಲೈ

ಕೊಕ್ಕರೆ ಕಿರೀಟದ ಮೇಲೆ ಕೂತು ಹಿಕ್ಕೆ ಹಾಕಿದೆ. ರುಮ್ಸಿ ತೊಳೆದು ಕೊಟ್ಟಳು. "ರಾಜ್ಯಭಾರ ಮುಗೀತು, ತಗೊಳ್ಳಿ."

೨೪ ಜುಲೈ

ನಾಲ್ಕು ದಿನ ಬರೆಯಲಾಗಲಿಲ್ಲ. ಸೊಂಟ ನೋವು.

ವೇಷ ಈಗ ನನ್ನ ಮೈಮೇಲಿದೆ. ಕೊಳದ ಅಂಚಿನಲ್ಲಿ ಹಳೇ ಬಿದಿರಿನ ಪಾಯಿಖಾನೆ ಇದೆ, ಯಾರೂ ಬಳಸುವುದಿಲ್ಲ. ಅದೇ ನೇಪಥ್ಯ. ಅಲ್ಲಿ ಕಾಯುತ್ತೇನೆ, ಬರೆಯುವುದೂ ಅಲ್ಲೇ. ಕೊಕ್ಕರೆ ಇಳಿದೊಡನೆ ಪ್ರವೇಶ. ಮಾತಿಲ್ಲ. ಕೈಯನ್ನು ನಿಧಾನವಾಗಿ ಎತ್ತುವುದು. ಬೇಗ ಎತ್ತಿದರೆ ಪಕ್ಕಕ್ಕೆ ಹಾರಿ ಅಲ್ಲೇ ಕೂರುತ್ತದೆ. ಪರದೆ ಏಳುವ ಹಾಗೆ ಎತ್ತಿದರೆ ನೋಡುತ್ತದೆ, ಯೋಚಿಸುತ್ತದೆ, ಗದ್ದೆಯ ಕಡೆ ಹೋಗುತ್ತದೆ. ಮರುದಿನ ಮತ್ತೆ ಬರುತ್ತದೆ. ಅದಕ್ಕೂ ಹೊಟ್ಟೆ ಇದೆ.

ರುಮ್ಸಿ ಕಂಪನಿಯ ಕಾಲದಲ್ಲಿ ಒಂದು ಆಟವನ್ನೂ ಪೂರ್ತಿ ನೋಡಿದವಳಲ್ಲ. ಇವತ್ತು ಬೆಳಿಗ್ಗೆ ಕೊನೆಯವರೆಗೆ ನಿಂತಿದ್ದಳು. ಆಮೇಲೆ: "ಮಾತಿಲ್ಲದ ಪಾತ್ರ ಮೊದಲೇ ಕೊಟ್ಟಿದ್ರೆ ಕಂಪನಿ ಇನ್ನೂ ನಡೀತಿತ್ತೇನೋ."

ಹೊಗಳಿಕೆ ಎಂದೇ ಬರೆದಿಡುತ್ತೇನೆ.

೨೬ ಜುಲೈ

ಗೂಡಿನ ಮೇಲೆ ನೀರಿಗೆ ಎಣ್ಣೆ ಹರಡಿದ ಹಾಗೆ ಮಿನುಗು. ಹಸಿ ಮೀನಿನ ವಾಸನೆ. ರುಮ್ಸಿ ಬೆರಳದ್ದಿ ಮೂಸಿ ನೋಡಿ ತಲೆಯಾಡಿಸಿದಳು. ಹೆಣ್ಣು ಗುರಾಮಿ ಮೊಟ್ಟೆ ಇಟ್ಟಿದ್ದಾಳೆ. ಗಂಡು ಗೂಡಿನ ಬಾಯಲ್ಲಿ ನಿಂತು ಈಜುರೆಕ್ಕೆಯಿಂದ ಗಾಳಿ ಹಾಕುತ್ತಿದ್ದಾನೆ.

ಡೆಡೆನ್‌ಗೆ ಹೇಳಿದೆ, ಸನ್ನೆಯಲ್ಲಿ. ಅವನಿಗೆ ನಾನು ಹಸಿವು ಅಂತಿದ್ದೇನೆ ಅನ್ನಿಸಿತು. ಅನ್ನ ಬಡಿಸಿದ.

೨೭ ಜುಲೈ

ನಡೆದದ್ದು ಇಷ್ಟು.

ಇನ್ನೂ ಮಬ್ಬು. ಕೊಕ್ಕರೆ ಇಳಿಯಿತು, ಗೂಡಿನ ಕಡೆ ಹೆಜ್ಜೆ ಹಾಕಿತು. ಪಾಯಿಖಾನೆಯಿಂದ ಹೊರಬಂದೆ. ಕೈ ಎತ್ತತೊಡಗಿದೆ. ಆ ಹೊತ್ತಿಗೇ ಬೆಳಗಿನ ನಮಾಜು ಮುಗಿಸಿದ ಹಾಜಿ ಬೇಲಿ ಪಕ್ಕ ಹಾದುಹೋಗುತ್ತಿದ್ದ. ಪಾಯಿಖಾನೆಯಿಂದ ಕೋರೆಹಲ್ಲಿನ ರಾಕ್ಷಸ ಹೊರಬರುವುದನ್ನು ಕಂಡ.

"ಯಾ ಅಲ್ಲಾಹ್! ಸೈತಾನ್! ಸೈತಾನ್!"

ನನ್ನ ಜೀವಮಾನದಲ್ಲಿ ಅಂಥ ಕಂಠ ಕೇಳಿಲ್ಲ. ಬಾತುಗಳೆಲ್ಲ ಕೂಡಿಕೊಂಡವು. ಕೊಕ್ಕರೆ ಹಾರಿತು. ಹಾಜಿ ಬಾತಿನ ಕೆಸರಿಗೆ ಬಿದ್ದ. ಗೂಡಿನ ಬಾಯಲ್ಲಿ ಒಂದು ದೊಡ್ಡ ಅಲೆ... ಗಂಡು ಹೋದ.

ಜಗಳವೆಲ್ಲ ಪಿಸುಮಾತಿನಲ್ಲೇ ಆಯಿತು. ರುಮ್ಸಿ ಇಬ್ಬರ ನಡುವೆ ಸೌಟು ಹಿಡಿದು ನಿಂತಿದ್ದಳು.

"ಮುದುಕನಾದ ಮೇಲೆ ಬುದ್ಧಿ ಕೆಟ್ಟಿತಾ ಕಾಂಗ್?"

"ಮೆಲ್ಲಗೆ, ಹಾಜಿ."

"ನನ್ನ ಎದೆ ನಿಂತುಹೋಗಿದ್ರೆ?"

"ಇನ್ನೂ ಮೆಲ್ಲಗೆ. ಗೂಡಲ್ಲಿ ಮೊಟ್ಟೆ ಇದೆ. ಗಂಡು ವಾಪಸ್ ಬರದಿದ್ರೆ ಕೊಳ ಮುಚ್ತಾರೆ."

ಹಾಜಿ ನೀರು ನೋಡಿದ. ಗಡ್ಡದ ಕೆಸರು ಒರೆಸಿಕೊಂಡ. "ಮೊದಲೇ ಹೇಳೋಕೇನಾಗಿತ್ತು?" ಅಂದ, ಇನ್ನೂ ಮೆಲ್ಲಗೆ.

ಮೊದಲೇ ಹೇಳಬಹುದಿತ್ತು. ಊರಿಗೆಲ್ಲ ಕೇಳುವ ಗಂಟಲಿಟ್ಟುಕೊಂಡು ಪಕ್ಕದ ಮನೆಗೆ ಹೇಳಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ಗಂಡು ಇಲ್ಲ. ಗೂಡಿನ ಸುತ್ತ ಸಣ್ಣ ಮೀನುಗಳ ಸಂತೆ. ರುಮ್ಸಿ ಕೋಲು ಹಿಡಿದು ಕೂತು ಓಡಿಸುತ್ತಿದ್ದಾಳೆ. ನನ್ನನ್ನು ಬೈಯುತ್ತಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

೨೮ ಜುಲೈ, ಬೆಳಿಗ್ಗೆ

ಡೆಡೆನ್ ಬೈಕನ್ನು ಸ್ಟಾರ್ಟ್ ಮಾಡದೆ ರಸ್ತೆಯವರೆಗೆ ತಳ್ಳಿಕೊಂಡು ಹೋದ. ಯಾರೂ ಹೇಳಿರಲಿಲ್ಲ. ಹಾಜಿಯ ಬಾತುಗಳ ದನಿಯೂ ಇಲ್ಲ. ಅವುಗಳನ್ನು ಅವನು ದೂರದ ಗದ್ದೆಗೆ ಅಟ್ಟಿದ್ದಾನೆ.

ತೊಳೆದ ವೇಷ ಇನ್ನೂ ಒದ್ದೆ. ಲುಂಗಿಯಲ್ಲೇ ನಿಂತೆ. ಕೊಕ್ಕರೆ ಬಂತು. ಕಿರೀಟವಿಲ್ಲದ ನನ್ನನ್ನು ಬಹಳ ಹೊತ್ತು ನೋಡಿತು. ಕೈ ಎತ್ತಿದೆ. ಹೋಯಿತು. ವೇಷಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ ಹಾಗಾದರೆ.

ರುಮ್ಸಿ ನನ್ನ ತೋಳು ಹಿಡಿದೆಳೆದಳು. ಗೂಡಿನ ಬಾಯಿ ತೋರಿಸಿದಳು. ನೀರು ಸಣ್ಣಗೆ ನಡುಗುತ್ತಿತ್ತು. ಒಳಗೆ ಕಪ್ಪು ಬೆನ್ನು.

ಗಾಳಿ ಹಾಕುತ್ತಿದ್ದಾನೆ.

ಇಬ್ಬರೂ ಬಾಯಿ ತೆರೆದೆವು. ಇಬ್ಬರೂ ಮುಚ್ಚಿಕೊಂಡೆವು.

೮ ಆಗಸ್ಟ್

ಮರಿಗಳು ಗೂಡಿನಿಂದ ಹೊರಗೆ ಬಂದಿವೆ. ಸಾಸಿವೆ ಚೆಲ್ಲಿದ ಹಾಗೆ. ಹಾಜಿ ಬೇಲಿಯಾಚೆಯಿಂದ ನೋಡಿ ಹೆಬ್ಬೆರಳೆತ್ತಿದ. ಡೆಡೆನ್ ಟೇಪು ಹಿಡಿದು ಓಣಿಯ ಕಡೆಯ ಗೋಡೆ ಅಳೆಯುತ್ತಿದ್ದಾನೆ. ಶೆಡ್ಡು ಅಲ್ಲಾದರೂ ಆಗುತ್ತದಂತೆ.

ಇನ್ನು ಕೂಗಬಹುದು, ಮರಿ ಹೊರಗೆ ಬಂದ ಮೇಲೆ ದೋಷವಿಲ್ಲ ಎನ್ನುತ್ತಾಳೆ ರುಮ್ಸಿ. ಗಂಟಲು ಸರಿಮಾಡಿಕೊಂಡು ನೋಡಿದೆ. ಯಾಕೋ ಮನಸ್ಸಾಗಲಿಲ್ಲ.

ತೂಬಿನ ಕಲ್ಲಿನ ಮೇಲೆ ನೆರಳು. ಬಂದ ಮಹಾಶಯ. ಒಂಟಿಕಾಲು. ರುಮ್ಸಿ ಆಗಲೇ ಮೆಟ್ಟಿಲ ಮೇಲೆ ಕೂತಿದ್ದಾಳೆ, ಬಾಳೆಹಣ್ಣಿನ ಬೋಂಡಾ ಸಮೇತ. ಪೆನ್ನು ಇಡಬೇಕು. ನನ್ನ ಪ್ರವೇಶ—