ಪಾವ್ಲು ಹೇಳಿದ ಕತೆ, ಫಾದರ್ ಹೇಳಿದ ಕತೆ

ಪ್ರೀತಿಯ ಆಯಿ,

ನಾನು ಇಗರ್ಜಿಗೆ ಹೋಗಿದ್ದೆ ಅಂದರೆ ನೀನು ಮೊದಲು ಕೇಳುವುದು ಏನು ಅಂತ ನನಗೆ ಗೊತ್ತು. "ಎಂತಕ್ಕೆ?" ಪ್ರಾರ್ಥನೆಗಲ್ಲ ಮಾರಾಯ್ತಿ. ನನ್ನ ಆಫೀಸಿನ ಫ್ಲೋರಿನ್ ನೆನಪಿದ್ದಾಳಲ್ಲ, ನಿನಗೆ ಸಿಗಡಿ ಉಪ್ಪಿನಕಾಯಿ ಕಳಿಸುತ್ತಿದ್ದವಳು, ಅವಳ ಜೊತೆ ಕಾರವಾರ ಪೇಟೆಗೆ ಸೀರೆ ತಗೊಳ್ಳಲು ಹೊರಟಿದ್ದೆ. ಈಸ್ಟರಿಗೆ ಮುಂಚಿನ ಅವರ ತಪಸ್ಸಿನ ಕಾಲದ ಶುಕ್ರವಾರ ಅದು. "ಅರ್ಧ ತಾಸು ಕೂತ್ಕೋ, ಪೂಜೆ ಮುಗ್ಸಿ ಹೋಗ್ವ" ಎಂದಳು. ಫ್ಯಾನಿನ ಕೆಳಗೆ ಜಾಗ ಸಿಕ್ಕಿತು ಅಂತ ಕೂತೆ. ಅಲ್ಲಿ ನಿನ್ನ ಕತೆ ಕೇಳಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಫಾದರ್ ಮೈಸೂರು ಕಡೆಯವರು. ಕೊಂಕಣಿ ಇನ್ನೂ ನಾಲಿಗೆಗೆ ಹತ್ತಿಲ್ಲ, ಹಾಗಾಗಿ ಪ್ರವಚನ ಕನ್ನಡದಲ್ಲಿ. ವಿಷಯ ಕ್ಷಮೆ. "ಇದು ಪುಸ್ತಕದ ಕತೆಯಲ್ಲ, ಇದೇ ಜಿಲ್ಲೆಯಲ್ಲಿ ನಡೆದದ್ದು" ಎಂದು ಶುರು ಮಾಡಿದರು. ಅದಿರಿನ ಲಾರಿಯೊಂದು ಒಬ್ಬ ತಾಯಿಯ ಒಬ್ಬನೇ ಮಗನನ್ನು ರಸ್ತೆಯಲ್ಲಿ ಕೊಂದಿತಂತೆ. ಚಾಲಕ ಇಳಿದು ಓಡಿಬಂದು ಹುಡುಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡನಂತೆ. ಹುಡುಗ "ಅಮ್ಮಾ" ಎಂದು ಕರೆದು ಕಣ್ಣು ಮುಚ್ಚಿದನಂತೆ. ವರ್ಷ ಕಳೆದ ಮೇಲೆ ಆ ಚಾಲಕ ತಾಯಿಯ ಅಂಗಳದಲ್ಲಿ ಬಂದು ನಿಂತಾಗ ಆಕೆ, ಕ್ರೈಸ್ತಳೂ ಅಲ್ಲದ ಆಕೆ, ಒಳಗಿನಿಂದ ಬೆಲ್ಲ ಮತ್ತು ನೀರು ತಂದು ಅವನ ಕೈಗಿತ್ತಳಂತೆ. ನನ್ನ ಪಕ್ಕದ ಮುದುಕಿ ಮೂಗು ಒರೆಸಿಕೊಂಡಳು. ಯಾರದೋ ಪಾಪ ಅಂತಲೇ ನಾನೂ ಕೇಳುತ್ತಿದ್ದೆ. ಅಷ್ಟರಲ್ಲಿ ಫಾದರ್, ಆ ಅಂಗಳದಲ್ಲಿ ಮಗನ ಜಜ್ಜಿಹೋದ ಬೈಕು ಇನ್ನೂ ನಿಂತಿತ್ತು, ಸೀಟಿನ ಮೇಲೆ ಮೊರ ಇಟ್ಟು ಮುರುಗಲ ಸಿಪ್ಪೆ ಒಣಗಿಸಿದ್ದರು ಎಂದರು. ಸತ್ತ ಮಗನ ಬೈಕಿನ ಮೇಲೆ ಮುರುಗಲು ಒಣಗಿಸುವ ತಾಯಿ ಹಟ್ಟಿಕೇರಿಯ ನಮ್ಮ ಮನೆ ಬಿಟ್ಟರೆ ಬೇರೆಲ್ಲಿದ್ದಾಳೆ?

ತಮ್ಮ ನಾಗೇಶ ಹೋದ ಸಂಜೆ ನನ್ನ ಕಣ್ಣ ಮುಂದೆ ಬಂತು. ಆಗ ಅಂಕೋಲೆ–ಯಲ್ಲಾಪುರ ರಸ್ತೆ ಪೂರ್ತಿ ಅದಿರು ಲಾರಿಗಳದ್ದೇ, ರಸ್ತೆ ಬದಿಯ ಮರದ ಎಲೆಗಳೂ ಕೆಂಪು. ಅವನು ಸುಂಕಸಾಳದಲ್ಲಿ ಯಾರದೋ ತೋಟದ ಪಂಪು ರಿಪೇರಿ ಮಾಡಿ ವಾಪಸು ಬರುತ್ತಿದ್ದ. ಲಾರಿ ನಿಲ್ಲಲೇ ಇಲ್ಲ ಅಂತ ಒಬ್ಬರು ಹೇಳಿದರು, ನಿಂತಿತ್ತು ಅಂತ ಇನ್ನೊಬ್ಬರು. ಕಾರವಾರದ ಪಾವ್ಲು ಅನ್ನುವ ಲಾರಿ ಚಾಲಕ ಮರುದಿನ ತಾನಾಗಿಯೇ ಠಾಣೆಗೆ ಹೋದ ಅಂತಷ್ಟೇ ನಮಗೆ ತಿಳಿದದ್ದು. ಅವನು ನಮ್ಮ ಮನೆಗೆ ಬಂದಿದ್ದ ಅಂತ ನೀನು ನನಗೆ ಒಂದು ಮಾತು ಹೇಳಿದ್ದೆಯಾ? ಹೆತ್ತ ಮಗಳಿಗೆ ಹೇಳದ್ದು ಆ ಊರಿನ ಫಾದರಿಗೆ ಹೇಗೆ ಗೊತ್ತಾಯಿತು?

ಪೂಜೆ ಮುಗಿದ ಮೇಲೆ ನಾನು ನೇರ ಅವರ ಹತ್ತಿರ ಹೋದೆ. ನಾನು ಬಂಗಡೆ ಮೀನು ತಗೊಳ್ಳುವಾಗಲೂ ಕಿವಿರು ಎತ್ತಿ ನೋಡುವವಳು, ಬಿಡುತ್ತೇನಾ? "ನಾನು ನಿಮ್ಮ ಕತೆಯ ತಾಯಿಯ ಮಗಳು" ಎಂದೆ. ಪಾವ್ಲುವೇ ಫಾದರ್ ಮನೆಗೆ ಹೋಗಿ ಹೇಳಿದ್ದಂತೆ, ಹೆಸರು ಊರು ಬಿಟ್ಟು ಹೇಳಿ ಅಂತ ಒಪ್ಪಿಗೆಯನ್ನೂ ಕೊಟ್ಟಿದ್ದನಂತೆ.

"ಬೆಲ್ಲ ಕೊಟ್ಟದ್ದು ಕ್ಷಮೆ ಅಂತ ಯಾರು ಹೇಳಿದ್ರು ನಿಮಗೆ?" ಎಂದೆ. "ನಮ್ಮ ಕಡೆ ಬಿಸಿಲಲ್ಲಿ ಅಂಗಳಕ್ಕೆ ಕಾಲಿಟ್ಟವರಿಗೆಲ್ಲ ಬೆಲ್ಲ ನೀರು ಕೊಡ್ತಾರೆ. ಕರೆಂಟಿನ ಮೀಟರ್ ಓದೂಕೆ ಬಂದವನಿಗೂ ಕೊಡ್ತಾರೆ."

ಅವರು, "ಮೀಟರ್ ಓದುವವನು ಆಕೆಯ ಮಗನನ್ನು ಕೊಂದಿರುವುದಿಲ್ಲವಲ್ಲಮ್ಮ" ಎಂದರು.

ಆ ಮಾತೇ ನನಗೆ ಸಿಟ್ಟು ತಂದದ್ದು. ಗುಡ್ ಫ್ರೈಡೇ ಹೊತ್ತಿಗೆ ಅಂಕೋಲೆಯಲ್ಲೂ ಈ ಕತೆ ಹೇಳಬೇಕು ಅಂತಿದ್ದರಂತೆ. ಅಂಕೋಲೆಯಲ್ಲಿ ಹೇಳಿದರೆ ಹೆಸರು ಬಿಟ್ಟರೇನು ಬಂತು, ನಾಳೆ ಮೀನುಪೇಟೆಯಲ್ಲಿ ಎಲ್ಲರೂ ನಿನ್ನ ಹೆಸರೇ ಹೇಳುತ್ತಾರೆ. ಅವಳು ಮಗನನ್ನು ಕೊಂದವನನ್ನು ಕ್ಷಮಿಸಿದಳಂತೆ ಅಂತ. ನೀನು ಕ್ಷಮಿಸಿದ್ದೆಯೋ ಇಲ್ಲವೋ ನನಗೇ ಗೊತ್ತಿಲ್ಲದಿರುವಾಗ... "ಖಾತ್ರಿ ಮಾಡ್ಕೊಂಡು ಬರ್ತೆ, ಅಲ್ಲಿವರೆಗೆ ಬಾಯಿ ಬಿಡಬೇಡಿ" ಎಂದೆ. ಆಗಲಿ ಎಂದರು. ಮಾತು ಉಳಿಸಿಕೊಂಡರು ಕೂಡ, ಅದನ್ನು ಹೇಳಲೇಬೇಕು.

ಪಾವ್ಲುವನ್ನು ಹುಡುಕಿಕೊಂಡು ದೇವಬಾಗದ ಕಡಲ ತೀರಕ್ಕೆ ಹೋದದ್ದು ಮುಂದಿನ ಭಾನುವಾರ. ಪಾವ್ಲು ಲಾರಿ ಬಿಟ್ಟು ಅಲ್ಲಿ ಪ್ರವಾಸಿಗಳನ್ನು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ಬಡಕಲು ಮನುಷ್ಯ. ನಾನು ಯಾರು ಅಂತ ಹೇಳಿದಾಗ ದೋಣಿಯ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟ. ಪೊಲೀಸರಿಗಿಂತ ಜಾಸ್ತಿ ಕೇಳಿದೆ ನಾನು. ಅಂಗಿ ಯಾವ ಬಣ್ಣದ್ದು? "ನೆನಪಿಲ್ಲ ಬಾಯಿ, ಅಂಗಿ ತುಂಬ ರಕ್ತ ಆಗಿತ್ತು." ಕೊಂಕಣಿಯವರು ಹೆಂಗಸರಿಗೆ ಅನ್ನುವ ಹಾಗೆ ನನ್ನನ್ನು ಬಾಯಿ ಅಂತಲೇ ಕರೆದ. ಅಮ್ಮ ಅಂದನೋ, ಆಯಿ ಅಂದನೋ? "ಆಯಿ." ಅದನ್ನು ಕಾರವಾರದ ಯಾರು ಬೇಕಾದರೂ ಊಹಿಸಬಹುದಲ್ಲ! ನೀನು ಅವನಿಗೆ ಏನು ಹೇಳಿದೆ ಅಂತ ಕೇಳಿದೆ.

"ಎಂತಾ ಹೇಳ್ಲಿಲ್ಲ. ಕೂತ್ಕೋ ಅಂದ್ರು. ಬೆಲ್ಲ ನೀರು ಕೊಟ್ರು. ಅವ ಕಡೀಗೆ ಎಂತಾ ಹೇಳ್ದ ಅಂತ ಕೇಳಿದ್ರು, ನಾ ಹೇಳ್ದೆ. ಹೊರಡೂವಾಗ, ಬರೂ ವರ್ಷ ತಿಥಿ ಮರುದಿನ ಬಾ ಅಂದ್ರು."

"ಹೋದ್ಯಾ?"

"ಪ್ರತಿ ವರ್ಷ ಹೋಗ್ತಿದ್ದೆ ಬಾಯಿ."

ತಿಥಿಯ ಮರುದಿನ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಬೆನ್ನು ಹತ್ತುತ್ತಿದ್ದೆಯಲ್ಲ, "ಬಸ್ಸು ತಪ್ತದೆ, ಲಗೂ ಹೊರಡು" ಅಂತ. ಮಗಳ ನೌಕರಿಯ ಮೇಲೆ ಎಷ್ಟು ಕಾಳಜಿ ಅಂತ ನಾನು ಅಂದುಕೊಂಡಿದ್ದೆ. ನನ್ನನ್ನು ಸಾಗಹಾಕಿ ನೀನು ಅವನಿಗೆ ಕಾಯುತ್ತಿದ್ದೆ. ಅದನ್ನು ಕೇಳಿ ದೇವಬಾಗದ ಮರಳಲ್ಲಿ ನಿಂತು ನಿನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ, ಅವನ ಮಾತು ಖರೆಯೋ ಅಂತ ಕೇಳಲು ಸುಂಕಸಾಳದಲ್ಲಿ ಬಸ್ಸು ಇಳಿದಾಗ ನನಗೆ ಪಾವ್ಲುವಿನ ಮೇಲೆ ಮಾತ್ರ ಅನುಮಾನ ಇತ್ತು. ಅಪಘಾತ ಆದ ತಿರುವಿನಲ್ಲಿ ಗಂಗೆಯ ಚಾ ಅಂಗಡಿ ಇದೆಯಲ್ಲ, ಅಲ್ಲಿ ಕೇಳಿದೆ. ಅವಳು ಪಾತ್ರೆ ತೊಳೆಯುತ್ತಲೇ ಹೇಳಿದಳು.

"ಲಾರಿ ಎಲ್ಲಿ ನಿಂತದ್ದು? ನಾನೇ ಮೊದ್ಲು ಓಡಿದವಳು. ನಾ ಹೋಗೂ ಹೊತ್ತಿಗೆ ಉಸಿರೇ ಇರ್ಲಿಲ್ಲ. ಎಂತಾ ಮಾತು ಆಡ್ತದೆ ಪೋರ? ನಿನ್ನ ತಾಯಿಗೆ ಆಗ್ಲೇ ಹೇಳಿದ್ನಲೆ, ನಿಂಗೆ ಹೇಳ್ಲಿಲ್ವಾ?"

"ಆಯಿ ಇಲ್ಲಿಗೆ ಬಂದಿದ್ಳಾ?"

"ಹದಿಮೂರರ ಕಾರ್ಯ ಮುಗ್ದ ವಾರ ಬಂದಿದ್ರಪ್ಪ. ಈ ಬಾಕಿನ ಮೇಲೇ ಕೂತಿದ್ರು ಬಸ್ಸು ಬರೂವರೆಗೂ. ಚಾ ಕುಡೀಲಿಲ್ಲ."

ಅಂದರೆ ಪಾವ್ಲು ಬರುವ ಮೊದಲೇ ನಿನಗೆ ಎಲ್ಲ ಗೊತ್ತಿತ್ತು. ಅವನು ನಮ್ಮ ಜಗಲಿಯಲ್ಲಿ ಕೂತು, ತೊಡೆಯ ಮೇಲೆ ತಲೆ ಇಟ್ಟುಕೊಂಡೆ ಅಂತ ಹೇಳುವಾಗ, ಅದು ಹಸಿ ಸುಳ್ಳು ಅಂತ ಗೊತ್ತಿದ್ದೂ ನೀನು ಕೇಳುತ್ತಾ ಕೂತಿದ್ದೆ. ಅದೂ ಒಂದು ಸಲವಲ್ಲ. ಏನು ನಡೆಸಿದ್ದೆ ಆಯಿ ನೀನು? ವರ್ಷಕ್ಕೊಮ್ಮೆ ಕರೆಸಿ, ಅದೇ ಸುಳ್ಳನ್ನು ಅವನ ಬಾಯಿಂದ ಮತ್ತೆ ಹೇಳಿಸಿ, ಅವನು ಬೆವರುವುದನ್ನು ನೋಡುತ್ತಿದ್ದೆಯಾ? ನಿನ್ನ ಮೌನ ನನಗೆ ಗೊತ್ತಿಲ್ಲದ್ದೇ? ಅಪ್ಪ ಬದುಕಿದ್ದಾಗ ನೀನು ಮಾತು ಬಿಟ್ಟರೆ ಅವನು ಊಟ ಸೇರದೆ ಒದ್ದಾಡುತ್ತಿದ್ದ. ಫಾದರ್ ಕ್ಷಮೆ ಅಂದದ್ದು ನಿಜವಾಗಿ ಶಿಕ್ಷೆ ಅಂತಲೇ ನನಗೆ ಅನಿಸಿತು. ಒಂದು ಗಳಿಗೆ ನಿನ್ನ ಬಗ್ಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ನಾಗೇಶನ ತಿಥಿ ಮೊನ್ನೆ ಆಯಿತು. ನೀನೂ ಹೋದ ಮೇಲಿನ ಮೊದಲನೆಯದು. ಮರುದಿನ ನಾನು ಬಸ್ಸು ಹತ್ತಲಿಲ್ಲ, ರಜೆ ಹಾಕಿ ಜಗಲಿಯಲ್ಲಿ ಕೂತೆ. ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಇಗರ್ಜಿಗೆ ಹೋಗುವವನ ಹಾಗೆ. ಕೂರು ಎಂದೆ, ಕೂತ. ನಾನು ಸುತ್ತಿಬಳಸಿ ಮಾತಾಡಲಿಲ್ಲ.

"ಆಯಿ ಸುಂಕಸಾಳಕ್ಕೆ ಹೋಗಿದ್ಳು ಪಾವ್ಲು. ನೀನು ಮೊದಲ ಸಲ ಬರೂಕಿಂತ ಮೊದ್ಲೇ."

ಅವನು ಬೆಚ್ಚುತ್ತಾನೆ ಅಂತ ಕಾದಿದ್ದೆ. ಬೆಚ್ಚಲಿಲ್ಲ.

"ಗೊತ್ತುಂಟು ಬಾಯಿ," ಎಂದ. "ಜನ ಹೊಡೀತಾರೆ ಅಂತ ಹೆದ್ರಿ ಓಡ್ದೆ ನಾನು. ಹಿಂದೆ ತಿರುಗಿ ಸಹ ನೋಡ್ಲಿಲ್ಲ. ಮೊದಲ ವರ್ಷ ಆಯಿ ಮುಖ ನೋಡಿ ಸುಳ್ಳು ಹೇಳ್ಬಿಟ್ಟೆ. ಎರಡನೇ ವರ್ಷ ತಡೀಲಿಕ್ಕಾಗ್ದೆ, ಖರೇ ಹೇಳ್ತೆ ಆಯಿ, ನಾ ಲಾರಿ ನಿಲ್ಸಲೇ ಇಲ್ಲ ಅಂದೆ. ಅವ್ರು ಕೈ ಅಡ್ಡ ಹಿಡದ್ರು. 'ಅದು ನಂಗೆ ಗೊತ್ತುಂಟು. ಹೋದ ವರ್ಷ ಹೇಳ್ದ್ಯಲಾ, ಅದೇ ಹೇಳು' ಅಂದ್ರು. ಆಮೇಲೆ ಪ್ರತಿ ವರ್ಷ ಅದೇ."

ಆಯಿ, ನನಗೆ ಅಳು ಬಂತು. ಅವನ ಎದುರಿಗೇ ಅತ್ತೆ. ಸುಂಕಸಾಳದ ಆ ಬಾಕಿನ ಮೇಲೆ ನೀನು ಒಬ್ಬಳೇ ಕೂತು, ನನ್ನ ಮಗ ಏನೂ ಹೇಳದೆ ಹೋದ ಅಂತ ತಿಳಿದುಕೊಂಡು ಬಸ್ಸಿಗೆ ಕಾದದ್ದು, ಅದನ್ನು ಮನೆಗೆ ತಂದು ನನಗೂ ಹೇಳದೆ ಇಟ್ಟುಕೊಂಡದ್ದು... ನಾನು ಏನೆಲ್ಲ ಅನುಮಾನಪಟ್ಟೆ. ಕ್ಷಮೆಯೋ ಶಿಕ್ಷೆಯೋ ಅಂತ ಊರೂರು ತಿರುಗಿ ಲೆಕ್ಕ ಹಾಕಿದೆ. ನಿನಗೆ ಬೇಕಾದದ್ದು ಎರಡೂ ಆಗಿರಲಿಲ್ಲವೇನೋ. ಫಾದರ್ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ. ಹೇಳುವುದಾದರೆ ಲಾರಿ ನಿಲ್ಲಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಿ, ಕ್ಷಮಿಸಿದಳು ಅನ್ನುವ ಮಾತು ಮಾತ್ರ ಬೇಡ ಅಂತ ಹೇಳಬೇಕು ಅಂದುಕೊಂಡಿದ್ದೇನೆ. ಆ ಮಾತಿಲ್ಲದೆ ಅವರು ಪ್ರವಚನ ಹೇಗೆ ಮುಗಿಸುತ್ತಾರೋ, ಅದು ಅವರ ಕಷ್ಟ.

ಪಾವ್ಲು ಎದ್ದು ಚಪ್ಪಲಿ ಹುಡುಕುತ್ತಿದ್ದ. ಇನ್ನು ಬರುವ ಕೆಲಸ ಇಲ್ಲ ಅಂತ ಅವನಿಗೆ ಅನಿಸಿರಬೇಕು. ನಾನು ಅವನನ್ನು ಕ್ಷಮಿಸಿದ್ದೇನೆ ಅಂತ ನೀನು ತಿಳಿಯಬೇಡ. ಹಿಂದೆ ತಿರುಗಿಯೂ ನೋಡದೆ ಓಡಿದವನನ್ನು ಹೇಗೆ ಕ್ಷಮಿಸುವುದು, ನನಗೆ ಗೊತ್ತಿಲ್ಲ. ಆದರೆ ಅವನು ಮೆಟ್ಟಿಲು ಇಳಿಯುವಾಗ ನಾನೇ ಹಿಂದಕ್ಕೆ ಕರೆದೆ. "ಕೂರು ಪಾವ್ಲು" ಎಂದೆ. "ಅವ ಕಡೀಗೆ ಎಂತಾ ಹೇಳ್ದ?"

ಅವನು ನನ್ನ ಮುಖ ನೋಡಿದ. ಆಮೇಲೆ ಕೂತ. ಲಾರಿ ನಿಲ್ಲಿಸಿದ್ದನ್ನು, ಓಡಿ ಬಂದದ್ದನ್ನು, ತಮ್ಮನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ಒಂದೊಂದಾಗಿ, ಅವಸರ ಮಾಡದೆ ಹೇಳಿದ. ನಾನು ಪೂರ್ತಿ ಕೇಳಿದೆ ಆಯಿ, ನಡುವೆ ಒಂದೂ ಪ್ರಶ್ನೆ ಹಾಕಲಿಲ್ಲ. ನಾಗೇಶ ನಿನ್ನನ್ನು ಕರೆದನಂತೆ. ಬರುವ ವರ್ಷವೂ ಬಾ ಅಂತ ಅವನಿಗೆ ಹೇಳಿದ್ದೇನೆ.

ನಿನ್ನ ಮಗಳು,
ಶಾಂತಿ