ಮರದ ರಾಣಿಯ ಕೆನ್ನೆ

ಜೂನ್ ೪, ಬೆಳಿಗ್ಗೆ ೪.೫೦

ಮೇಕಪ್ ರೂಮು. ಬಂದವಳೇ ಎಸಿ ಹಾಕಿದೆ. ಬೆವರಿದ ಮುಖಕ್ಕೆ ಅಂಟು ಹಿಡಿಯುವುದಿಲ್ಲ. ಬ್ರಷ್‌ಗಳನ್ನು ತೊಳೆದೆ. ತೊಗಟೆಯ ತುಂಡುಗಳನ್ನು ಟವೆಲ್ ಮೇಲೆ ಜೋಡಿಸಿದೆ — ಹಣೆಗೆ ಎರಡು, ಕೆನ್ನೆಗೆ ಒಂದೊಂದು, ಮೂಗಿಗೆ ಒಂದು, ಗದ್ದಕ್ಕೆ ಒಂದು. ಮೆತ್ತನೆಯ ರಬ್ಬರ್. ಗುಂಡಮ್ಮನ ಮುಖದ ಅಚ್ಚು ತೆಗೆದು, ಅದರ ಮೇಲೇ ಮಾಡಿದ್ದು. ಎರಡು ವಾರದ ಕೆಲಸ.

ಗುಂಡಮ್ಮ ನನ್ನ ತಂಗಿಯ ಮಗಳು. ಹುಟ್ಟಿದಾಗ ಗುಂಡುಗುಂಡಾಗಿದ್ದಳು. ಈಗ ಕಡ್ಡಿ. ಹೆಸರು ಮಾತ್ರ ಇಳಿದಿಲ್ಲ. ನನ್ನ ಮನೆಯಲ್ಲೇ ಇದ್ದುಕೊಂಡು ನಾಲ್ಕು ವರ್ಷ ಶೂಟಿಂಗಿನ ಗುಂಪಿನಲ್ಲಿ ನಿಂತಳು, ಟ್ರೇ ಹಿಡಿದಳು, ಎರಡು ಸಲ ಹೆಣವಾಗಿ ಮಲಗಿದಳು. ಈಗ ಮಕ್ಕಳ ಸೀರಿಯಲ್ಲಿನಲ್ಲಿ ಮರದ ರಾಣಿ! ಆಡಿಷನ್ ಅವಳೇ ಕೊಟ್ಟಳು, ನಾನು ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಮುಖವೆಲ್ಲ ತೊಗಟೆ, ಕಣ್ಣಿಗೆ ಹಸಿರು ಲೆನ್ಸ್, ದನಿ ಡಬ್ಬಿಂಗಿನವರದ್ದು.

"ಹಾಗಾದ್ರೆ ಅದ್ರಲ್ಲಿ ನಿಂದೇನಿದ್ಯೇ?" ಎಂದು ರೇಗಿಸಿದೆ.

"ಉಳಿದಿದ್ದೆಲ್ಲಾ ನಂದೇ ದೊಡ್ಡಮ್ಮ. ನಗಿಸ್ಬೇಡ, ಮೂಗು ಸೊಟ್ಟ ಆಗುತ್ತೆ."

ಶೂಟ್ ಆಗಿ ಮೂರು ವಾರಕ್ಕೆ ಟಿವಿಯಲ್ಲಿ ಬರುತ್ತದೆ, ಸಂಜೆ ಏಳಕ್ಕೆ. ತಂಗಿ ತನ್ನೂರಿನಲ್ಲಿ ಕುಳಿತು ತಪ್ಪದೆ ನೋಡುತ್ತಾಳೆ. ತಪ್ಪದೆ ಫೋನ್ ಮಾಡಿ ತಲೆ ತಿನ್ನುತ್ತಾಳೆ.

ಜೂನ್ ೭, ಮಧ್ಯಾಹ್ನ

ಅಂಟು ಖಾಲಿ. ನಾವು ತರಿಸುವ ಕಂಪನಿಯದ್ದು ಬರಲು ಇನ್ನೂ ಹತ್ತು ದಿನವಂತೆ. ಅಂಗಡಿಯವನು ನಿನ್ನೆ ರಾತ್ರಿ ಬೇರೆ ಬಾಟಲಿ ಕಳಿಸಿದ. ವಾಸನೆ ಸ್ವಲ್ಪ ಘಾಟು. ಹಿಡಿತ ಮಾತ್ರ ಗಟ್ಟಿ.

ಹೊಸದು ಏನೇ ಬಂದರೂ ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿ ಒಂದು ದಿನ ಕಾಯಬೇಕು. ಗುರುಗಳು ನನಗೆ ಹೇಳಿಕೊಟ್ಟ ಮೊದಲ ಪಾಠ. ನಾನು ಎಷ್ಟೋ ಜನಕ್ಕೆ ಹೇಳಿಕೊಟ್ಟ ಮೊದಲ ಪಾಠವೂ ಅದೇ. ಇವತ್ತು ಕಾಯಲಿಲ್ಲ. ಬೆಳಿಗ್ಗೆ ಏಳಕ್ಕೇ ಶಾಟ್ ಇತ್ತು. ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದ ಮಗು, ಇವಳ ಚರ್ಮ ನನಗೆ ಗೊತ್ತಿಲ್ಲವೇ ಎಂದುಕೊಂಡೆ. ಹೊರಗಿನವಳು ಯಾರಾದರೂ ಆಗಿದ್ದರೆ ಕಾಯುತ್ತಿದ್ದೆ.

ಜೂನ್ ೮

ಸಂಜೆ ತೊಗಟೆ ಬಿಡಿಸುವಾಗ ಎಡಗೆನ್ನೆ ಕೆಂಪು. ತುರಿಕೆಯಂತೆ. "ಸೊಳ್ಳೆ ಕಚ್ಚಿರ್ಬೇಕು" ಎಂದಳು. ಸೊಳ್ಳೆ ಹೀಗೆ ಅಂಚು ಹಿಡಿದು ಅಚ್ಚುಕಟ್ಟಾಗಿ ಕಚ್ಚುವುದಿಲ್ಲ. ಕೆನ್ನೆಯ ತುಂಡಿನ ಆಕಾರದಲ್ಲೇ ಇದೆ.

ತಣ್ಣೀರು ಪಟ್ಟಿ. ಮುಲಾಮು.

ಜೂನ್ ೯, ಬೆಳಿಗ್ಗೆ ೫

ಗುಳ್ಳೆ ಎದ್ದಿದೆ. ಸಣ್ಣವು, ಒತ್ತೊತ್ತಾಗಿ.

"ಡೈರೆಕ್ಟರ್‌ಗೆ ಹೇಳ್ತೀನಿ" ಎಂದೆ.

"ಬೇಡ ದೊಡ್ಡಮ್ಮ, ದಮ್ಮಯ್ಯ. ಮುಖ ಕಾಣೋ ಪಾತ್ರ ಆಗಿದ್ರೆ ಕಾಯ್ತಿದ್ರು. ಇದಕ್ಕೆ ಯಾರನ್ನ ಬೇಕಾದ್ರೂ ಕೂರಿಸ್ತಾರೆ. ತೊಗಟೆ ಕೆಳಗೆ ಯಾರಿದ್ರೆ ಯಾರಿಗೇನು?"

"ಮುಖ ಹಾಳಾಗುತ್ತೆ ಕಣೇ."

"ಇನ್ನು ಐದೇ ದಿನ. ಆಮೇಲೆ ಮೂರು ದಿನ ರಜಾ ಇದೆಯಲ್ಲ, ಅಷ್ಟ್ರಲ್ಲಿ ವಾಸಿಯಾಗುತ್ತೆ. ನಾಲ್ಕು ವರ್ಷ ಕಾದಿದೀನಿ ದೊಡ್ಡಮ್ಮ. ನಾಲ್ಕು ವರ್ಷ!"

ಕೆನ್ನೆಗೆ ದಪ್ಪಗೆ ಕ್ರೀಮ್ ಬಳಿದು, ಮೇಲೆ ತೆಳುವಾದ ಬಟ್ಟೆ ಹಾಸಿ, ಅದರ ಮೇಲೆ ಅಂಟಿಸಿದೆ. ಅಂಚಿನಲ್ಲಿ ಮಾತ್ರ ಅಂಟು ಚರ್ಮಕ್ಕೇ ತಾಗಬೇಕು. ಬೇರೆ ದಾರಿಯಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕುಳಿತಳು. ಕುರ್ಚಿಯ ಕೈಯನ್ನು ಹಿಡಿದಿದ್ದ ಬೆರಳು ಬೆಳ್ಳಗಾಗಿದ್ದವು.

ಒಂದು ಮಾತು, ಇಲ್ಲಿಯಾದರೂ ನಿಜ ಬರೆಯಬೇಕು. ಅವಳು ಬೇಡ ಎಂದದ್ದು ನನಗೂ ಅನುಕೂಲವೇ ಆಯಿತು. ಹೇಳಿದ್ದರೆ "ಯಾಕಾಯ್ತು?" ಎಂಬ ಪ್ರಶ್ನೆ ಬರುತ್ತಿತ್ತು.

ಜೂನ್ ೧೧

ಅದೇ. ಹಚ್ಚಿದೆ. ಬಿಡಿಸಿದೆ. ಬಿಡಿಸುವ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಟ್ಟು ಮುಕ್ಕಾಲು ಗಂಟೆ ಬಿಡಿಸಿದರೂ ಅಂಚಿನ ಜೊತೆ ಚರ್ಮವೂ ಬಂತು. ಅವಳು ಅಳಲಿಲ್ಲ. ಹೊರಗೆ ಹೋಗಿ ಬ್ರಷ್ ತೊಳೆಯುವ ನೆಪದಲ್ಲಿ ನಾನೇ ಅತ್ತೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು.

ಜೂನ್ ೧೫, ಮಧ್ಯಾಹ್ನ ೧, ಕ್ಲಿನಿಕ್ಕಿನ ಹೊರಗೆ

ನಿನ್ನೆಗೆ ರಾಣಿಯ ಈ ಸರದಿಯ ಸೀನ್ ಮುಗಿಯಿತು, ಇನ್ನು ೧೮ಕ್ಕೆ. ಬೆಳಿಗ್ಗೆ ನೋಡಿದರೆ ಕೆನ್ನೆ ಊದಿಕೊಂಡು ಕಣ್ಣು ಅರ್ಧ ಮುಚ್ಚಿದೆ. ಕೀವು. ಜ್ವರ. ಕೈ ಹಿಡಿದು ಎಳೆದುಕೊಂಡೇ ಬಂದೆ.

ಚರ್ಮದ ಡಾಕ್ಟರು ವಯಸ್ಸಾದವರು. ಲೈಟ್ ಹತ್ತಿರ ತಂದು ನೋಡಿದರು.

"ಯಾರಮ್ಮ ಇದನ್ನ ಅಂಟಿಸಿದ್ದು?"

"ನಾನೇ."

"ಗುಳ್ಳೆ ಎದ್ದ ಮೇಲೂ?"

"ಹೂಂ."

"ಎಷ್ಟು ದಿನ?"

"ಆರು ದಿನ."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಮೂರು ವಾರ ಮುಖಕ್ಕೆ ಏನೂ ಸೋಕಬಾರದು, ಪೌಡರ್ ಕೂಡ. ಕಪ್ಪು ಕಲೆ ವರ್ಷದೊಳಗೆ ಹೋಗಬಹುದು. ಆದರೆ ಕೀವಾದ ಕಡೆ, ಕೆನ್ನೆಯ ಮೂಳೆಯ ಕೆಳಗೆ, ಒಂದು ಕುಳಿ ಉಳಿಯುತ್ತದೆ. "ಅದು ಹೋಗಲ್ಲ" ಎಂದರು, ಚೀಟಿ ಬರೆಯುತ್ತಲೇ.

ಗುಂಡಮ್ಮ ಒಳಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾಳೆ. ನಾನು ಇಲ್ಲಿ ಬೆಂಚಿನ ಮೇಲೆ ಕುಳಿತಿದ್ದೇನೆ. ನಾಳೆ ಡೈರೆಕ್ಟರ್‌ಗೆ ಹೇಳಿಬಿಡುತ್ತೇನೆ. ಅವಳು ಒಪ್ಪಲಿ, ಬಿಡಲಿ.

ಜೂನ್ ೧೬

ಹೇಳಿದೆ. ಡೈರೆಕ್ಟರ್ ಟೀ ಕುಡಿಯುತ್ತಿದ್ದರು. ಅಂಟು ಪರೀಕ್ಷೆ ಮಾಡದೆ ಹಚ್ಚಿದ್ದು ನನ್ನ ತಪ್ಪು, ಹುಡುಗಿಯದ್ದಲ್ಲ ಎಂದೆ. ಮೂರು ವಾರ ಅವಳ ಮುಖ ಮುಟ್ಟುವಂತಿಲ್ಲ ಎಂದೂ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಟೀ ಲೋಟ ಕೆಳಗಿಟ್ಟರು.

"ಅಯ್ಯೋ, ಪಾಪ. ಹೇಗಿದಾಳೆ ಈಗ?"

ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಬರೆಯಲು ಸುಲಭವಾಗುತ್ತಿತ್ತು.

ಡೈರಿ ತೆಗೆದು ಲೆಕ್ಕ ಹಾಕಿದರು. "ಮೂರು ವಾರ ಕಷ್ಟಾನೇ. ಆದ್ರೆ ನೋಡಿ, ಬೇರೆ ಹುಡುಗೀನ ಹಾಕಿದ್ರೂ ಹೊಸ ಅಚ್ಚು, ಹೊಸ ತೊಗಟೆ... ಅದಕ್ಕೇ ಎರಡು ವಾರ ಬೇಕಲ್ವಾ? ಅಷ್ಟು ಕಾಯೋದೇ ಆದ್ರೆ ಇವಳಿಗೇ ಕಾಯೋಣ. ಅಥವಾ... ಈಗಿರೋ ತೊಗಟೇನೆ ಬೇರೆ ಮುಖಕ್ಕೆ ಕೂರುತ್ತಾ?"

ಕೂರುವುದಿಲ್ಲ ಎಂದರೆ ಮುಗಿಯುತ್ತಿತ್ತು. ಒಂದೇ ಒಂದು ಸುಳ್ಳು.

"ಅಂಚು ಕತ್ತರಿಸಿ, ಮೂಗಿನ ಹತ್ರ ಸ್ವಲ್ಪ ತುಂಬಿದ್ರೆ ಕೂರುತ್ತೆ ಸರ್. ಒಂದು ದಿನದ ಕೆಲಸ" ಎಂದೆ.

ಯಾಕೆ ಅಂದೆ? ಇಪ್ಪತ್ತೆಂಟು ವರ್ಷದಿಂದ ಯಾರು ಏನು ಕೇಳಿದರೂ ಈ ಬಾಯಿ ಆಗುವುದಿಲ್ಲ ಎಂದಿಲ್ಲ. ಮುದುಕಿಯನ್ನು ಹುಡುಗಿ ಮಾಡುತ್ತೀಯಾ? ಮಾಡುತ್ತೇನೆ. ಬೋಳು ತಲೆಗೆ ಕೊಂಬು? ಆಗುತ್ತೆ ಸರ್. ಕೆಲಸದ ಪ್ರಶ್ನೆ ಕಿವಿಗೆ ಬಿತ್ತು, ಕೆಲಸದವಳು ಉತ್ತರ ಕೊಟ್ಟಳು. ದೊಡ್ಡಮ್ಮನಿಗೆ ಆಮೇಲೆ ಗೊತ್ತಾಯಿತು.

ಡೈರೆಕ್ಟರ್ ಮುಖ ಹಗುರಾಯಿತು. "ನೀವಿದ್ರೆ ನನಗೆ ಚಿಂತೆ ಇಲ್ಲ ಬಿಡಿ" ಎಂದರು. ಹೊಗಳಿಕೆ! ನಾಲಿಗೆ ಕಚ್ಚಿಕೊಂಡೆ. ಕಾಲ ಮಿಂಚಿಹೋಗಿತ್ತು.

ಜೂನ್ ೧೭

ಗುಂಡಮ್ಮನಿಗೆ ಹೇಳಿದೆ. ಪಾತ್ರ ಹೋಯಿತು ಎಂದಷ್ಟೇ. ತೊಗಟೆಯ ಮಾತು ಹೇಳಲು ಬಾಯಿ ಬರಲಿಲ್ಲ.

ಗೋಡೆ ಕಡೆ ತಿರುಗಿ ಮಲಗಿದಳು. "ಅಮ್ಮನಿಗೆ ಹೇಳ್ಬೇಡ. ನಾನೇ ಹೇಳ್ತೀನಿ" ಎಂದಳು.

"ಯಾವಾಗ?"

"ಮುಖ ವಾಸಿಯಾದ ಮೇಲೆ."

ಜೂನ್ ೧೮, ಸಂಜೆ

ಹೊಸ ಹುಡುಗಿ. ನಿನ್ನೆ ಬೆಳಿಗ್ಗೆಯೇ ಕರೆಸಿ ಕಿವಿಯ ಹಿಂದೆ ಬೊಟ್ಟಿಟ್ಟಿದ್ದೆ. ಹಳೆಯ ಕಂಪನಿಯ ಅಂಟೇ ಬಂದಿದೆ ಈಗ. ಕೆಟ್ಟ ಮೇಲೆ ಬುದ್ಧಿ ಬಂತು.

ಅಂಚು ಕತ್ತರಿಸಿದೆ. ಗುಂಡಮ್ಮನ ಕೆನ್ನೆಯ ಮೂಳೆ ಈ ಹುಡುಗಿಯ ಕೆನ್ನೆ ಮೇಲೆ ಕೂತಿತು. ಬಣ್ಣ ಹಾಕಿದೆ, ಪಾಚಿ ಅಂಟಿಸಿದೆ, ಲೆನ್ಸ್ ಹಾಕಿಸಿದೆ. ಎದ್ದು ನಿಂತಳು — ರಾಣಿ. ಲೈಟಿನವರು ಗುಂಡಮ್ಮ ಎಂದುಕೊಂಡು "ಹುಷಾರಾದ್ರಾ ಮೇಡಂ?" ಎಂದು ಕೇಳಿದರು.

ಕೆಲಸ ಚೆನ್ನಾಗಿ ಆಗಿದೆ. ಎಲ್ಲೂ ಜೋಡಣೆ ಕಾಣುವುದಿಲ್ಲ. ನನ್ನ ಕೈ ಕಡಿದುಹೋಗಬಾರದೇ ಎನಿಸಿತು. ಹುಡುಗಿ ಬಗ್ಗಿ "ಥ್ಯಾಂಕ್ಸ್ ಆಂಟಿ, ಒಂಚೂರೂ ಉರೀಲಿಲ್ಲ" ಎಂದಳು. ಅವಳದ್ದೇನು ತಪ್ಪು.

ಮಗುವನ್ನು ಕಾಡಿನಂಚಿಗೆ ಬಿಟ್ಟು ಬರುವ ಸೀನ್. ಗುಂಡಮ್ಮ ಒಂದು ತಿಂಗಳಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದು ಇದನ್ನೇ. ಈ ಹುಡುಗಿಯೂ ಚೆನ್ನಾಗಿ ಮಾಡಿದಳು. ಎರಡೇ ಟೇಕ್.

ಜೂನ್ ೨೯

ಊತ ಇಳಿದಿದೆ. ಕುಳಿ ಇದೆ. ಹೆಸರುಕಾಳಿನಷ್ಟು.

ಕನ್ನಡಿಗೆ ಟವೆಲ್ ಹಾಕಿದ್ದಾಳೆ. ತಂಗಿ ವಿಡಿಯೋ ಕಾಲ್ ಮಾಡಿದರೆ ಕ್ಯಾಮೆರಾ ಕೆಟ್ಟಿದೆ ಎನ್ನುತ್ತಾಳೆ.

"ನಾನೇ ಹೇಳ್ಲಾ ನಿಮ್ಮಮ್ಮನಿಗೆ?" ಎಂದೆ.

"ಟಿವೀಲಿ ಗೊತ್ತಾಗುತ್ತೆ ಬಿಡು. ಬೇರೆಯವಳು ಬಂದ ದಿನ ಅವಳೇ ಕೇಳ್ತಾಳೆ. ಆಗ ಹೇಳ್ತೀನಿ."

ಅದನ್ನೇ ನಂಬಿ ಕುಳಿತಿದ್ದಾಳೆ ಎಂದು ಕಾಣುತ್ತದೆ. ದಿನ ಎಣಿಸುತ್ತಿದ್ದಾಳೆ. ಯಾರಿಗೆ ಗೊತ್ತಾಗದಿದ್ದರೂ ಅಮ್ಮನಿಗೆ ಗೊತ್ತಾಗುತ್ತದೆ ಎಂದು. ನನಗೂ ಹಾಗೇ ಆಗಲಿ ಎಂದಿದೆ. ತಂಗಿ ಕೇಳಲಿ, ಬೈಯಲಿ, ಬಂದು ಕೆನ್ನೆಗೆ ಬಾರಿಸಲಿ.

ಜುಲೈ ೯, ಸಂಜೆ ೭.೪೫

ಇವತ್ತು ಆ ಸೀನ್ ಬಂತು. ಏಳು ಗಂಟೆಗೆ ಅವಳೇ ಟಿವಿ ಹಾಕಿದಳು. ಪಕ್ಕದಲ್ಲೇ ಕುಳಿತೆ. ಮುಗಿಯುತ್ತಿದ್ದಂತೆ ಫೋನ್ ಬಂತು. ಗುಂಡಮ್ಮ ನೆಟ್ಟಗೆ ಕುಳಿತು, ಸ್ಪೀಕರ್‌ಗೆ ಹಾಕಿದಳು. ಕೈ ತಣ್ಣಗಿತ್ತು. ನನ್ನ ಕೈಯನ್ನು ಹಿಡಿದುಕೊಂಡಿದ್ದಳು, ಅದಕ್ಕೇ ಗೊತ್ತು.

ತಂಗಿ ಅಳುತ್ತಿದ್ದಳು.

"ಎಷ್ಟು ಚೆನ್ನಾಗಿ ಮಾಡಿದ್ಯೇ ನನ್ನ ಬಂಗಾರ! ಆ ಮಗೂನ ಬಿಟ್ಟು ತಿರುಗಿ ನೋಡ್ತೀಯಲ್ಲ... ಪಕ್ಕದ ಮನೆಯವರು ಮುಖಾನೇ ಕಾಣಲ್ವಲ್ರೀ ಅಂತಾರೆ. ನಾನಂದೆ, ಎಷ್ಟು ಬಳಿದ್ರೇನು, ಹೆತ್ತವಳಿಗೆ ಗೊತ್ತಾಗಲ್ವಾ? ಇಷ್ಟು ದಿನದಲ್ಲಿ ಇವತ್ತೇ ಕಣೇ ನೀನು ನೀನಾಗಿ ಕಂಡಿದ್ದು."

ಗುಂಡಮ್ಮನ ಕೈ ಸಡಿಲವಾಯಿತು. ನನ್ನ ಕಡೆ ನೋಡಲಿಲ್ಲ. ಆರಿಸಿದ ಟಿವಿಯ ಕಡೆಗೇ ನೋಡುತ್ತಾ,

"ಹೂಂ ಅಮ್ಮ" ಎಂದಳು. "ಎರಡೇ ಟೇಕ್‌ಗೆ ಓಕೆ ಆಯ್ತು."

ಅದು ನಾನೇ ಬಂದು ಹೇಳಿದ್ದ ಮಾತು.

"ದೊಡ್ಡಮ್ಮನಿಗೆ ಕೊಡು" ಎಂದಳು ತಂಗಿ. "ಅವಳ ಕೈಗೆ ಬಂಗಾರದ ಬಳೆ ಹಾಕ್ಬೇಕು. ಅಕ್ಕಾ, ಕೇಳಿಸ್ತಿದ್ಯಾ? ನನ್ನ ಮಗಳನ್ನ ನಿನ್ನ ಕೈಗೆ ಒಪ್ಪಿಸಿದ್ದು ಸಾರ್ಥಕ ಆಯ್ತು ಕಣೇ. ಅಕ್ಕಾ?"

ಫೋನ್ ನನ್ನ ಮಡಿಲಿಗೆ ಇಟ್ಟು ಗುಂಡಮ್ಮ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಕೇಳಿಸಿಕೊಳ್ಳುತ್ತಾ ನಿಂತಿದ್ದಳು.

ನಾನು ಹೇಳಿದೆ, "ಕೇಳಿಸ್ತಿದೆ ಕಣೇ. ಬಳೆ ನನ್ನ ಕೈಗೆ ಬೇಡ, ನಿನ್ನ ಮಗಳ ಕೈಗೇ ಹಾಕು."