ಸುಡದ ತೂತು

ಬಣಕಲ್, ಜೂನ್ ೨೦೦೪

ರೇವಣ್ಣ,

ಬಾಗಿಲ ಚೌಕಟ್ಟಿಗೆ ಚೌಕ ತೂತು ಕೊರೆಯುವ ನಮ್ಮ ಮಿಷಿನ್ನು, ನೀನು ಕೆಲಸ ಬಿಟ್ಟುಹೋದ ಮೇಲೂ ಮರವನ್ನು ಸುಡುತ್ತಲೇ ಇತ್ತು. ಇವತ್ತು ನೀನು ಹೇಳಿದ್ದಂತೆಯೇ ಮಾಡಿದೆ. ಟೊಳ್ಳು ಚೌಕ ಉಳಿಯೊಳಗೆ ತಿರುಗುವ ಬೈರಿಗೆ ಬಿಟ್ಟಿನ ತುದಿ ಉಳಿಯ ಬಾಯಿಗಿಂತ ನಾಲ್ಕಾಣೆ ನಾಣ್ಯದ ದಪ್ಪದಷ್ಟು ಕೆಳಗಿರುವಂತೆ ಬಿಗಿದೆ. ಹೊಟ್ಟು ಸಲೀಸಾಗಿ ಹೊರಬಂತು, ನಾಲ್ಕೂ ಮೂಲೆ ಸ್ವಚ್ಛವಾಗಿ ಬಿದ್ದವು.

ಸಾಹುಕಾರರು ತೂತಿನೊಳಗೆ ಬೆರಳಿಟ್ಟು ನೋಡಿದರು. "ನೀನಿಲ್ದೆ ಈ ಮಿಲ್ಲು ನಡೆಯಲ್ಲ ಮಾರಾಯ. ಇನ್ನು ನಿನ್ನ ಎಲ್ಲಿಗೂ ಕಳ್ಸಲ್ಲ."

"ಆಯ್ತು ಸಾಹುಕಾರ್ರೆ," ಎಂದೆ.

ಚಿಕ್ಕಮಗಳೂರಿನ ನಿನ್ನ ಅಂಗಡಿಗೆ ಕೆಲಸಕ್ಕೆ ಬಾ ಎಂದು ನೀನು ಕರೆದು ಮೂರು ವರ್ಷವಾಯಿತು. ಕೆಲಸ ಬಿಡುತ್ತೇನೆಂದು ಸಾಹುಕಾರರಿಗೆ ಹೇಳಲೆಂದೇ ಇವತ್ತು ಬೆಳಿಗ್ಗೆ ಮನೆಯಿಂದ ಹೊರಟಿದ್ದೆ. ಅವರು ಅತ್ತ ಹೋದ ಮೇಲೆ ಇನ್ನೊಂದು ಚೌಕಟ್ಟು ಎತ್ತಿಟ್ಟು, ಮಿಷಿನ್ನಿನ ಹಿಡಿ ಎಳೆದೆ.

ಹಾಲೇಶ